ಯಾರದೋ ಮೈ, ಯಾರದೋ ತಲೆ

ಆಕೆ ದರ್ಜಿ. ಕೋವಿ ಹಿಡಿದವಳಲ್ಲ, ಕವಾಯತು ಮಾಡಿದವಳಲ್ಲ. ಆದರೂ ಓಣಿಯ ದೊಡ್ಡವರು ಚಿಕ್ಕವರೆಲ್ಲ ಆಕೆಯನ್ನು ಕರೆಯುತ್ತಿದ್ದದ್ದು ಸಿಪಾಯಿ ಅತ್ತೆ ಎಂದೇ. ಹೊಲಿಗೆ ಯಂತ್ರದ ಪಕ್ಕದ ಮೇಜಿನ ಮೇಲೆ, ಗುಂಡಿಗಳ ಡಬ್ಬಿಗೂ ಕತ್ತರಿಗೂ ನಡುವೆ, ಬೆರಳುದ್ದದ ಆಟಿಕೆ ಸಿಪಾಯಿಗಳು ಸದಾ ಕಾವಲು ನಿಂತಿರುತ್ತಿದ್ದರು. ಹಳೆಯ ಸಿಪಾಯಿಗಳನ್ನು ಕೂಡಿಡುವ ಹುಚ್ಚಿನವರು ಎಲ್ಲೆಲ್ಲಿಂದಲೋ ಅವನ್ನು ಹತ್ತಿಯಲ್ಲಿ ಸುತ್ತಿ ತಂದು ಆಕೆಯ ಮುಂದಿಟ್ಟು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಇದನ್ನು ಮಾಡಿದ್ದು ಯಾರು?

ಆಕೆಯ ಅಪ್ಪ ಆಟಿಕೆ ಕಾರ್ಖಾನೆಯಲ್ಲಿ ಸಿಪಾಯಿಗಳ ಮುಖಕ್ಕೆ ಬಣ್ಣ ಹಚ್ಚುತ್ತಿದ್ದ. ಅವನ ಮಗ್ಗುಲಲ್ಲಿ ಕೂತೇ ಆಕೆಗೆ ಕಣ್ಣು ಪಳಗಿತ್ತು. ಎಷ್ಟೋ ಕಾರ್ಖಾನೆಗಳವರು ಅಡಿಯಲ್ಲಿ ಹೆಸರು ಒತ್ತುತ್ತಲೇ ಇರಲಿಲ್ಲ. ಪೀಠ ದುಂಡಗಿದೆಯೋ ಚೌಕವೋ, ಅಚ್ಚಿನ ಗೆರೆ ಕಿವಿಯ ಮುಂದೆ ಹಾದಿದೆಯೋ ಹಿಂದೆಯೋ, ಕಣ್ಣು ಬರೀ ಚುಕ್ಕೆಯೋ ಅದರ ಮೇಲೊಂದು ಹುಬ್ಬಿದೆಯೋ, ಇದನ್ನೆಲ್ಲ ನೋಡಿಯೇ ಹೇಳಬೇಕು. "ಹೊಲಿಗೆ ನೋಡಿದ್ರೆ ಯಾವ ದರ್ಜಿ ಕೈ ಅಂತ ಗೊತ್ತಾಗಲ್ವಾ? ಇದೂ ಹಾಗೇ," ಎನ್ನುತ್ತಿದ್ದಳು. ಹೆಸರು ಗೊತ್ತಿಲ್ಲದ ಕಾರ್ಖಾನೆಗಳಿಗೆ ತಾನೇ ನಾಮಕರಣ ಮಾಡಿದ್ದಳು: ಉಬ್ಬುಗಲ್ಲದವರು, ಬೆಳ್ಳಿ ಶೆಡ್ಡಿನವರು, ಬಕೆಟ್ ಟೋಪಿಯವರು. ಹೀಗೆ ಒಮ್ಮೆ ಹೇಳಿದ ಮೇಲೆ ಮಾತು ಹಿಂದಕ್ಕೆ ತೆಗೆದುಕೊಂಡದ್ದಿಲ್ಲ. "ಅತ್ತೆ ಅಂದ್ರೆ ಮುಗೀತು," ಎಂದು ಬಂದವರು ಹೇಳಿದಾಗ ಮೇಲೆ ಮೇಲೆ ಗದರಿದರೂ ಒಳಗೊಳಗೇ ಹಿಗ್ಗುತ್ತಿದ್ದಳು.

ಅವತ್ತು ಬೆಳಿಗ್ಗೆ ಒಬ್ಬ ಬಸ್ ಡ್ರೈವರ್ ತನ್ನ ಅಪ್ಪನ ಕಾಲದ ಪೆಟ್ಟಿಗೆಯೊಂದನ್ನು ಕೊಟ್ಟು ಹೋಗಿದ್ದ. ಮಧ್ಯಾಹ್ನ ಅತ್ತೆ ಅದರಿಂದ ಕಹಳೆ ಊದುವ ಸಿಪಾಯಿಯೊಬ್ಬನನ್ನು ತೆಗೆದು ಮೇಜಿನ ಅಂಚಿಗೆ ನಿಲ್ಲಿಸಿದ್ದಳು. ಅದನ್ನಿನ್ನೂ ಸರಿಯಾಗಿ ನೋಡಿರಲಿಲ್ಲ, ಅಷ್ಟರಲ್ಲಿ ಪ್ಯಾಂಟಿನ ಅಳತೆಗೆ ಗಿರಾಕಿ ಬಂದ. ಆಕೆ ಟೇಪು ಹಿಡಿದು ಅತ್ತ ತಿರುಗಿದಳು. ಆಕೆಯ ತಮ್ಮನ ಮಗಳು ಮೂಲೆಯಲ್ಲಿ ಕೂತು ಕೋಟಿನ ಅಂಚು ಹೊಲಿಯುತ್ತಿದ್ದಳು. ಈ ಹುಡುಗಿಯ ಮೂರು ವರ್ಷದ ಮಗಳು ಮೇಜಿನ ಬಳಿ ಆಡುತ್ತಿತ್ತು; ಅದನ್ನು ಎಲ್ಲರೂ ಚಿನಕುರುಳಿ ಎನ್ನುತ್ತಿದ್ದರು. ಅದರ ಬಾಯಿ ಸುಮ್ಮನಿದ್ದದ್ದನ್ನು ಕಂಡವರೇ ಇಲ್ಲ.

ಆದರೆ ಈಗ ಸುಮ್ಮನಿತ್ತು.

ಮೊದಲು ತಲೆ ಎತ್ತಿದವಳು ತಾಯಿ. ಮಗು ಕಣ್ಣರಳಿಸಿ, ಕೆಮ್ಮಿ, ಕತ್ತು ಚಾಚಿ ಏನನ್ನೋ ಗುಟುಕ್ಕನೆ ನುಂಗಿತು. ಅದರ ಮುಷ್ಟಿಯಲ್ಲಿ ಕಹಳೆಯವನಿದ್ದ. ಕುತ್ತಿಗೆಯ ಮೇಲೆ ಏನೂ ಇರಲಿಲ್ಲ.

"ತಲೆ ಎಲ್ಲೇ?" ತಾಯಿ ಕಿರುಚಿದಳು.

"ಹೊಟ್ಟೇಲಿ," ಎಂದಿತು ಮಗು.

ಟೇಪು ಗಿರಾಕಿಯ ಸೊಂಟದಲ್ಲೇ ಉಳಿಯಿತು. ಬಾಡಿಗೆ ಕಾರಿನಲ್ಲಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅತ್ತೆಯ ಅಂಗೈಯಲ್ಲಿ ತಲೆಯಿಲ್ಲದ ಸಿಪಾಯಿಯ ಕಹಳೆ ಗುರುತು ಮೂಡಿಸಿತ್ತು. ಕೊರಳಲ್ಲಿ ಭೂತಗನ್ನಡಿ ಹಾಗೇ ನೇತಾಡುತ್ತಿತ್ತು.

ತುರ್ತು ಕೋಣೆಯ ಡಾಕ್ಟರಮ್ಮ ಮಗುವಿನ ಬಾಯಿ, ಎದೆ, ಹೊಟ್ಟೆ ನೋಡಿ ಕೇಳಿದಳು: "ಹಳೇ ಆಟಿಕೆ ಅಂತೀರಿ. ಸೀಸದ್ದಾ? ಸೀಸ ಆದ್ರೆ ಹೊಟ್ಟೆಯ ಆಮ್ಲಕ್ಕೆ ಕರಗಿ ರಕ್ತಕ್ಕೆ ಸೇರತ್ತೆ, ಬಾಯಿಂದ ಕೊಳವೆ ಇಳಿಸಿ ಈಗಲೇ ತೆಗೀಬೇಕು. ಆದ್ರೆ ಮಗು ಹೊಟ್ಟೆ ತುಂಬ ಊಟ ಮಾಡಿದೆ. ಈಗ ಅರಿವಳಿಕೆ ಕೊಟ್ರೆ ವಾಂತಿಯಾಗಿ ಶ್ವಾಸಕೋಶಕ್ಕೆ ನುಗ್ಗಬಹುದು. ಸೀಸ ಅಲ್ಲ ಅಂದ್ರೆ ಕಾಯೋದೇ ಒಳ್ಳೇದು, ತಾನಾಗೇ ಹೊರಗೆ ಹೋಗತ್ತೆ."

ಅತ್ತೆ ಸಿಪಾಯಿಯನ್ನು ಅಂಗೈಯಲ್ಲಿ ಎತ್ತಿ ಇಳಿಸಿದಳು. ಒಣ ಕಡ್ಡಿಯಷ್ಟು ಹಗುರ. ದುಂಡು ಪೀಠ, ತೆಳು ಅಚ್ಚುಗೆರೆ.

"ಸೀಸ ಅಲ್ಲ. ಬೆಳ್ಳಿ ಶೆಡ್ಡಿನವರದು. ಅವರದೆಲ್ಲ ಅಲ್ಯೂಮಿನಿಯಂ."

"ಖಂಡಿತನಾ?"

"ಖಂಡಿತ."

ತಮ್ಮನ ಮಗಳು ಗೋಡೆಗೆ ಒರಗಿ ಉಸಿರು ಬಿಟ್ಟಳು. ಮಗುವನ್ನು ಎಕ್ಸ್‌ರೇಗೆ ಒಯ್ದರು.

ಚಿತ್ರ ಬಂದ ಮೇಲೆ ಡಾಕ್ಟರಮ್ಮ ಅದನ್ನು ದಿಟ್ಟಿಸಿ ನೋಡಿದಳು. ಪರದೆಯನ್ನು ಅತ್ತೆಯ ಕಡೆ ತಿರುಗಿಸಿದಳು. ಪುಟ್ಟ ಪಕ್ಕೆಲುಬುಗಳ ಕೆಳಗೆ ಒಂದು ಮಚ್ಚೆ, ಸುಣ್ಣದಷ್ಟು ಬೆಳ್ಳಗೆ.

"ಅಲ್ಯೂಮಿನಿಯಂ ಆಗಿದ್ರೆ ಮಸುಕು ಮಸುಕಾಗಿ ಕಾಣಬೇಕಿತ್ತು. ಇದು ಇಷ್ಟು ಬೆಳ್ಳಗೆ ಯಾಕಿದೆ?"

"ನಿಮ್ಮ ಯಂತ್ರ..." ಎಂದು ಶುರು ಮಾಡಿದ ಅತ್ತೆ ಅಲ್ಲಿಗೇ ನಿಲ್ಲಿಸಿದಳು. ಭೂತಗನ್ನಡಿ ಕಣ್ಣಿಗೊತ್ತಿ ಸಿಪಾಯಿಯ ಕುತ್ತಿಗೆ ನೋಡಿದಳು. ಲೋಹ ಮುರಿದಿದ್ದರೆ ಹೊಳಪಿರಬೇಕು, ತರಿತರಿಯಾಗಿರಬೇಕು. ಇಲ್ಲಿ ನುಣುಪಾಗಿತ್ತು. ನಡುವೆ ಒಂದು ಕಂದು ಚುಕ್ಕೆ. ಬೆಳಿಗ್ಗೆ ಪೆಟ್ಟಿಗೆ ತೆರೆದಾಗ ಕುತ್ತಿಗೆಯ ಸುತ್ತ ಬಣ್ಣ ಸ್ವಲ್ಪ ದಪ್ಪಗಿದ್ದದ್ದು ಈಗ ನೆನಪಾಯಿತು. ಆಗ ಅದರ ಮೇಲಾಗಲಿ, ತಲೆಯ ಟೋಪಿಯ ಮೇಲಾಗಲಿ ಲಕ್ಷ್ಯ ಹೋಗಿರಲಿಲ್ಲ. ಕುಪ್ಪಸದ ಅಂಚಿಗೆ ಚುಚ್ಚಿಕೊಂಡಿದ್ದ ಗುಂಡುಸೂಜಿ ಕಿತ್ತು ಚುಕ್ಕೆಯನ್ನು ಕೆದಕಿದಳು. ನಾರು ಬಂತು. ಕಟ್ಟಿಗೆಯ ನಾರು.

ಬೆಂಕಿಕಡ್ಡಿ! ಹಿಂದೆ ಯಾರೋ ಮುರಿದ ತಲೆಯ ಜಾಗಕ್ಕೆ ಬೇರೊಂದು ತಲೆಯನ್ನು ಕಡ್ಡಿಯ ತುಂಡು ಕೊಟ್ಟು ಅಂಟಿಸಿದ್ದರು. ಕೈಯಲ್ಲಿದ್ದ ಮೈ ಒಬ್ಬರದು, ಮಗುವಿನ ಹೊಟ್ಟೆಯಲ್ಲಿದ್ದ ತಲೆ ಇನ್ಯಾರದೋ.

ಬಾಗಿಲಲ್ಲಿ ತಮ್ಮನ ಮಗಳು ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

"ಡಾಕ್ಟರೇ, ನಾನು ಹೇಳಿದ್ದು ತಪ್ಪು. ಈ ತಲೆ ಇದರದ್ದಲ್ಲ."

"ಹಾಗಾದ್ರೆ ಏನದು? ಕಬ್ಬಿಣ, ಹಿತ್ತಾಳೆ ಆದ್ರೂ ಹೀಗೇ ಬೆಳ್ಳಗೆ ಕಾಣತ್ತೆ. ಆಗ ನಾನು ಕಾಯ್ತೀನಿ. ಸೀಸ ಆದ್ರೆ ಕಾಯೋ ಹಾಗಿಲ್ಲ."

ಅತ್ತೆ ಪರದೆಗೆ ಮೂಗು ತಾಗುವಷ್ಟು ಬಾಗಿದಳು. ಮೊಟ್ಟೆಯಾಕಾರದ ಬಿಳಿ, ಅಷ್ಟೇ. ಎದುರಿನಿಂದ ನೋಡಿದರೆ ಟೋಪಿಗಳೆಲ್ಲ ಒಂದೇ.

"ಪಕ್ಕದಿಂದ ಒಂದು ತೆಗೀತೀರಾ? ಟೋಪಿ ಕಾಣಬೇಕು ನಂಗೆ."

ಮಗು ಮಲಗಲು ಒಪ್ಪದೆ ರಂಪ ಮಾಡಿತು. ಒಂದು ಚಿತ್ರ ಕದಲಿ ಕೆಟ್ಟಿತು. ಮತ್ತೊಂದು ತೆಗೆಸುವಾಗ ತಾಯಿಯೇ ಎಕ್ಸ್‌ರೇ ತಡೆಯುವ ಸೀಸದ ಮೇಲಂಗಿ ತೊಟ್ಟು ಒಳಗೆ ಹೋಗಿ ಮಗಳ ತೋಳು ಹಿಡಿದಳು. ಹೊರಗೆ ಅತ್ತೆ ಸಿಪಾಯಿಯ ಮೈಯನ್ನು ಬೆರಳಲ್ಲಿ ತಿರುಗಿಸುತ್ತಲೇ ಇದ್ದಳು. ಒಳಗಿನಿಂದ ಮಗುವಿನ ಅಳು ಕೇಳಿದಾಗಲೆಲ್ಲ ಬೆರಳು ನಿಲ್ಲುತ್ತಿತ್ತು.

ಈ ಸಲದ ಚಿತ್ರದಲ್ಲಿ ಬಿಳಿಗೆ ಒಂದು ರೂಪವಿತ್ತು. ಮೇಲಕ್ಕೆ ಹೋಗುತ್ತ ಕಿರಿದಾಗುವ ಉದ್ದ ಟೋಪಿ, ತುದಿಯಲ್ಲಿ ಮುಂದಕ್ಕೆ ಬಾಗಿದ ಗುಂಡು. ಬೋರಲಿಟ್ಟ ಬಕೆಟ್ಟಿನ ಹಾಗೆ.

"ಖಂಡಿತ ಅನ್ನಲ್ಲ," ಎಂದಳು ಅತ್ತೆ. "ನಂಗೆ ಕಂಡದ್ದು ಹೇಳ್ತೀನಿ. ಈ ಥರ ಟೋಪಿ ಮಾಡ್ತಿದ್ದವರು ಒಬ್ಬರೇ, ಬಕೆಟ್ ಟೋಪಿಯವರು. ಅವರ ಸಿಪಾಯಿಗಳನ್ನ ನಾನು ಬೇಕಾದಷ್ಟು ಕೈಯಲ್ಲಿ ಹಿಡಿದಿದ್ದೀನಿ. ಸೀಸ ಬಿಟ್ಟು ಬೇರೇದರಲ್ಲಿ ಮಾಡಿದ್ದು ಒಂದನ್ನೂ ಕಂಡಿಲ್ಲ."

"ನನ್ನ ಅನುಮಾನವೂ ಅದೇ ಇತ್ತು," ಎಂದು ಡಾಕ್ಟರಮ್ಮ ಎದ್ದಳು. "ಈಗಲೇ ತೆಗೀತೀನಿ. ಅರಿವಳಿಕೆಯವರು ಜೋಪಾನವಾಗಿ ನೋಡ್ಕೊಳ್ತಾರೆ."

ಮಗುವನ್ನು ಒಳಗೆ ಒಯ್ದ ಮೇಲೆ ಬಾಗಿಲು ಮುಚ್ಚಿತು. ಅತ್ತೆ ಬೆಂಚಿನ ಮೇಲೆ ಕೂತಳು. ಪಕ್ಕದಲ್ಲಿ ಕೂತಿದ್ದ ತಮ್ಮನ ಮಗಳು ಎದ್ದು ಎದುರಿನ ಬೆಂಚಿಗೆ ಹೋದಳು.

"ಖಂಡಿತ ಅಂದಿದ್ರಲ್ಲ ಅತ್ತೆ."

"ಅಂದಿದ್ದೆ."

"ಆ ಡಾಕ್ಟರು ನಿಮ್ಮ ಮಾತು ನಂಬಿ ಕೂತಿದ್ದಿದ್ರೆ?"

ಕಾರಿಡಾರಿನಲ್ಲಿ ಯಾರೋ ಚಕ್ರದ ಗಾಡಿ ತಳ್ಳಿಕೊಂಡು ಹೋದರು. ಬಾಗಿಲು ಅಲುಗಿದಾಗಲೆಲ್ಲ ಇಬ್ಬರೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು, ಮತ್ತೆ ಬೇರೆ ಬೇರೆ ಕೂರುತ್ತಿದ್ದರು.

ಕೊನೆಗೆ ಡಾಕ್ಟರಮ್ಮ ಮುಖಗವಸು ಕೆಳಗೆಳೆದು ಬಂದಳು. "ಮಗು ಹುಷಾರಾಗಿದೆ. ಬನ್ನಿ, ನೋಡಿ." ತಾಯಿ ಓಡಿದಳು. ಅತ್ತೆಯ ಮುಂದೆ ಡಾಕ್ಟರಮ್ಮ ಪುಟ್ಟ ಬಟ್ಟಲು ಹಿಡಿದಳು. ಬಣ್ಣವೆಲ್ಲ ಕಳಚಿ ಬೂದಿಬಣ್ಣಕ್ಕೆ ತಿರುಗಿದ ತಲೆ, ಕಡಲೆಕಾಳಿಗಿಂತ ತುಸು ದೊಡ್ಡದು. ಅತ್ತೆ ಅದನ್ನು ಇಕ್ಕಳದಲ್ಲಿ ಹಿಡಿದು ಕಾಗದದ ಮೇಲೆ ಎಳೆದಳು. ಪೆನ್ಸಿಲಿನಂತೆ ಕಪ್ಪು ಗೆರೆ ಮೂಡಿತು. ಸೀಸವೇ. ಅಷ್ಟು ಹೊತ್ತು ತಡೆದುಕೊಂಡಿದ್ದವಳು ಆಗ ಸೆರಗು ಬಾಯಿಗೊತ್ತಿ ಅತ್ತಳು.

ಮಗುವಿನ ರಕ್ತದಲ್ಲಿ ಸೀಸದ ಅಂಶ ಸ್ವಲ್ಪ ಏರಿತ್ತು. ಮತ್ತೆ ಮತ್ತೆ ಪರೀಕ್ಷೆ ಮಾಡಿಸಬೇಕಾಯಿತು. ಆ ದಿನಗಳಲ್ಲಿ ತಮ್ಮನ ಮಗಳು ಅಂಗಡಿಯ ಕಡೆ ತಲೆ ಹಾಕಲಿಲ್ಲ. ಬಟ್ಟೆಯನ್ನು ಮನೆಗೇ ತರಿಸಿಕೊಂಡು ಹೊಲಿದು ಕಳಿಸುತ್ತಿದ್ದಳು. ಅತ್ತೆ ಪ್ರತಿ ಸಂಜೆ ಅವರ ಬಾಗಿಲಿಗೆ ಹೋಗಿ, "ಏನಂದ್ರು?" ಎಂದು ಕೇಳಿ, ಹೊಸ್ತಿಲಿಂದಲೇ ತಿರುಗುತ್ತಿದ್ದಳು.

ಒಂದು ದಿನ ಬಸ್ ಡ್ರೈವರ್ ಪೆಟ್ಟಿಗೆ ಒಯ್ಯಲು ಬಂದ. ನಡೆದದ್ದು ಕೇಳಿ ಅವನ ಮುಖ ಬಿಳಿಚಿತು. "ಅಯ್ಯೋ, ಅದನ್ನ ಅಂಟಿಸಿದ್ದು ನಮ್ಮಪ್ಪ. ಮೊದಲಿನ ತಲೆ ನಾನೇ ಚಿಕ್ಕವನಿದ್ದಾಗ ಕುಟ್ಟಿ ಮುರಿದಿದ್ದೆನಂತೆ. ಹೇಳಬೇಕಿತ್ತು ಅಂತ ಹೊಳೀಲೇ ಇಲ್ಲ ಅತ್ತೆ."

"ಕೇಳಬೇಕಿತ್ತು ಅಂತ ನಂಗೂ ಹೊಳೀಲಿಲ್ಲ," ಎಂದಳು ಆಕೆ. ಮೈ ಯಾರದು, ತಲೆ ಯಾರದು ಎಂದು ತಿಳಿಸಿ, ಉಳಿದ ಸಿಪಾಯಿಗಳ ಕುತ್ತಿಗೆಗಳನ್ನು ಒಂದೊಂದಾಗಿ ಅವನೆದುರೇ ನೋಡಿ, ಸಂಶಯ ಬಂದವನ್ನು ಬೇರೆ ಇಟ್ಟು, "ಇವು ನಂಗೆ ಗೊತ್ತಾಗಲ್ಲ," ಎಂದಳು. ಡ್ರೈವರ್ ನಂಬಲಾರದೆ ಮತ್ತೊಮ್ಮೆ ಕೇಳಿದ. ಆಕೆ ಅದನ್ನೇ ಹೇಳಿದಳು.

ಮಗುವಿನ ರಕ್ತ ಸರಿಹೋಯಿತೆಂದು ತಿಳಿದ ಮರುದಿನ ತಮ್ಮನ ಮಗಳು ಅಂಗಡಿಗೆ ಬಂದಳು. ಕಂಕುಳಲ್ಲಿ ಚಿನಕುರುಳಿ, ಬೀದಿಯ ನಾಯಿಯಿಂದ ಹಿಡಿದು ಡಾಕ್ಟರಮ್ಮನ ಕನ್ನಡಕದವರೆಗೆ ವರದಿ ಒಪ್ಪಿಸುತ್ತಿತ್ತು. ಮೇಜಿನ ಮೇಲೆ ಈಗ ಒಬ್ಬ ಸಿಪಾಯಿಯೂ ಇರಲಿಲ್ಲ. ಎಲ್ಲರೂ ಗೋಡೆಯ ಎತ್ತರದಲ್ಲಿ, ಬೀಗ ಹಾಕಿದ ಗಾಜಿನ ಕಪಾಟಿನೊಳಗಿದ್ದರು. ತಾಯಿ ಮಗುವನ್ನು ಇಳಿಸಿ, ಸ್ಟೂಲು ಹತ್ತಿ, ಬೀಗವನ್ನು ಎರಡು ಸಲ ಜಗ್ಗಿ ನೋಡಿದಳು. ಆಮೇಲೆ ಮೂಲೆಯ ತನ್ನ ಜಾಗದಲ್ಲಿ ಕೂತು ಕೈ ಚಾಚಿದಳು.

"ಆ ಕೋಟು ಕೊಡಿ ಅತ್ತೆ. ಅಂಚು ಅರ್ಧಕ್ಕೇ ನಿಂತಿದೆ."