ಗುರುಪಾದಣ್ಣನ ಮುಗಿಯದ ಚಿತ್ರ

ಬುದ್ಧಿ ಸಾಲದು ಎಂದು ಊರು ಬದಿಗಿಟ್ಟವರು ಬಂದು ಚಿತ್ರ ಬರೆಯುವ ನಮ್ಮ ಬನಹಟ್ಟಿಯ ಚಿತ್ರಶಾಲೆಗೆ ದಿನಾ ಎಲ್ಲರಿಗಿಂತ ಮೊದಲು ಬರುವವನು ಗುರುಪಾದಣ್ಣ. ನೇಕಾರರ ಮನೆಯವನು, ಮಗ್ಗದ ಹಳೆಯ ಎಳೆಗೇ ಹೊಸ ಎಳೆ ಗಂಟು ಹಾಕುವುದನ್ನು ನೋಡಿ ಬೆಳೆದವನು. ಹಾಗಾಗಿ ಹೊಸ ಹಾಳೆಯನ್ನು ಹಳೆಯದರ ತುದಿಗೆ ಅಂಟಿಸದೆ ಕುಂಚ ಮುಟ್ಟುವುದಿಲ್ಲ. ಅವನದು ಒಂದೇ ಚಿತ್ರ. ಹಸಿರು ಬಸ್ಸು, ಸೀರೆಯ ಅಂಚು, ಕೆಂಪು ಎಮ್ಮೆ ಒಂದರ ಹಿಂದೊಂದು ಹೊರಟು, ಗೋಡೆ ಸುತ್ತಿ, ಕಪಾಟು ಹತ್ತಿ ಚಹಾದ ಒಲೆಯತನಕ ಬಂದಿವೆ; ಹೀಗೇ ಬಿಟ್ಟರೆ ಜಮಖಂಡಿ ಮುಟ್ಟುತ್ತವೆ. ಕೊಳ್ಳಲು ಬಂದವರು ಒಂದು ತುಂಡು ಕೇಳಿದರೆ, "ಮಗ್ಗದ ಮ್ಯಾಲಿನ ಸೀರಿ ಯಾರರೆ ಕತ್ತರಸ್ತಾರೇನ್ರಿ?" ಎಂದು ಬೆನ್ನು ತಿರುಗಿಸುತ್ತಾನೆ. ಕಲಿಸುವ ನಾನು ಮುಟ್ಟಿದರೂ, "ಕೈ ತಗೀರಿ ಮೇಡಂ, ಎಳಿ ಹರೀತಾವು" ಎಂದು ಗದರುತ್ತಾನೆ. ತೇರದಾಳದ ತ್ರಿಶಲಾ ಬಂದಾಗಿನಿಂದ ಖಾಲಿ ಹಾಳೆಯನ್ನು ಎದೆಗವಚಿಕೊಂಡು ಮೂಲೆಯಲ್ಲೇ ಕೂರುತ್ತಿದ್ದಳು. ಎಷ್ಟು ರಮಿಸಿದರೂ ಕುಂಚ ಹಿಡಿಯಲಿಲ್ಲ. ನಿನ್ನೆ ಗುರುಪಾದಣ್ಣ ಆ ಹಾಳೆಯನ್ನು ಕೇಳಿ ಇಸಕೊಂಡು, ತನ್ನ ಚಿತ್ರದ ತುದಿಗೆ ಅಂಟಿಸಿ, "ಗಂಟ ಹಾಕೇನಿ ನೋಡವ್ವಾ, ಇನ್ನ ಮುಂದ ನೀ ನೇಯಿ" ಎಂದ. ಅವನ ಎಮ್ಮೆಯ ಬಾಲ ಮುಗಿದಲ್ಲಿಂದಲೇ ಅವಳ ನೀಲಿ ಗೆರೆ ಹೊರಟಿತು.