ಕೂಸು ಹುಟ್ಟುವ ಮೊದಲಿನ ಧೂಪ

ಶಕುನ, ಮುನ್ಸೂಚನೆ ಎಂದು ಯಾರಾದರೂ ಬಾಯಿ ತೆರೆದರೆ ಮಾತು ತಿರುಗಿಸುವವಳು ನಾನು. ಅರಸೀಕೆರೆಯ ಆಸ್ಪತ್ರೆಯೊಂದರಲ್ಲಿ ಎಚ್‌ಐವಿ ಆಪ್ತಸಮಾಲೋಚಕಿ; ರಕ್ತಪರೀಕ್ಷೆ ಹೇಳದ್ದನ್ನು ನಂಬಿ ಅಭ್ಯಾಸವಿಲ್ಲ. ಈ ಒಂದು ಸಂಗತಿ ಮಾತ್ರ ನನಗೆ ಇನ್ನೂ ಬಗೆಹರಿದಿಲ್ಲ.

ಅವಳ ನಿಜವಾದ ಹೆಸರು ಬೇಡ, ಗೌರಿ ಎಂದುಕೊಳ್ಳಿ. ಚೊಚ್ಚಲ ಬಸುರಿ, ಪರೀಕ್ಷೆಯಲ್ಲಿ ಸೋಂಕು ಕಂಡಿತ್ತು. ತಪ್ಪದೆ ಮಾತ್ರೆ ನುಂಗಿ, ಹುಟ್ಟಿದ ಕೂಡಲೇ ಮಗುವಿಗೂ ಔಷಧಿ ಹಾಕಿಸಿದರೆ ಕೂಸನ್ನು ಉಳಿಸಿಕೊಳ್ಳಬಹುದು ಎಂದು ಗಂಡ ಹೆಂಡತಿಗೆ ತಿಳಿಹೇಳಿದ್ದೆ. ಇನ್ಯಾರಿಗೂ ಹೇಳಕೂಡದೆಂದು ಅವರು ನನ್ನಿಂದ ಮಾತು ತೆಗೆದುಕೊಂಡಿದ್ದರು. ಸೀಮಂತ ಮುಗಿಸಿ ಅವಳು ಬೇಲೂರು ಕಡೆಯ ಗೆಂಡೆಹಳ್ಳಿಯ ತವರಿಗೆ ಹೋದಳು. ಆಮೇಲೆ ಅವಳ ಫೋನ್ ಸ್ವಿಚ್ ಆಫ್. ಮಾತ್ರೆ ತೆಗೆದುಕೊಂಡೇ ಹೋಗಿದ್ದಾಳೆ ಎಂದು ಗಂಡ ಹೇಳಿದರೂ ನನಗೆ ಒಳಗೊಳಗೇ ಪುಕಪುಕ.

ಹೀಗಿರುವಾಗ ಬೇಲೂರಿನಲ್ಲೊಂದು ಮೀಟಿಂಗ್. ಮುಗಿಸಿ, ಮಧ್ಯಾಹ್ನ ಅರಸೀಕೆರೆ ಬಸ್ಸಿನಲ್ಲಿ ಕುಳಿತಿದ್ದೆ. ಇದ್ದಕ್ಕಿದ್ದಂತೆ ಧೂಪದ ವಾಸನೆ. ದೇವರ ಮನೆಯದಲ್ಲ, ಕೂಸಿಗೆ ಎಣ್ಣೆ ನೀರು ಹಾಕಿದ ಮೇಲೆ ಕೆಂಡಕ್ಕೆ ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆ, ಓಮ ಉದುರಿಸಿ ಹಿಡಿಯುತ್ತಾರಲ್ಲ, ಬಾಣಂತಿ ಕೋಣೆಯ ಆ ಧೂಪ. ಕಣ್ಣು ಉರಿಯಿತು, ಸೆರಗನ್ನು ಮೂಗಿಗೆ ಹಿಡಿದೆ. ಪಕ್ಕದಾಕೆಯನ್ನು ಕೇಳಿದರೆ, ಯಾವ ಹೊಗೆ ಎಂದು ನನ್ನ ಮುಖವನ್ನೇ ನೋಡಿದಳು. ಡ್ರೈವರ್ ಗಾಡಿ ಸ್ಟಾರ್ಟ್ ಮಾಡಿದ. ತಟ್ಟನೆ ಗೌರಿಯ ನೆನಪಾಯಿತು. ಯಾಕೆಂದು ಕೇಳಬೇಡಿ. ಇಳಿದುಬಿಟ್ಟೆ, ಗೆಂಡೆಹಳ್ಳಿ ಬಸ್ ಹತ್ತಿದೆ.

ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಕರೆಯದೆ ಮನೆಗೆ ಹೋಗುವುದು ನಮ್ಮ ಕೆಲಸದಲ್ಲಿ ಸಲ್ಲದು. ನೀವ್ಯಾರು, ಯಾವ ವಿಭಾಗದವರು ಎಂದು ಯಾರಾದರೂ ಕೆದಕಿದರೆ ಅವಳ ಗುಟ್ಟು ಬೀದಿಗೆ ಬೀಳುತ್ತಿತ್ತು.

ಮನೆ ಮುಂದೆ ಬಾಡಿಗೆ ಕಾರು ನಿಂತಿತ್ತು. ಗೌರಿಗೆ ನೋವು ಶುರುವಾಗಿ, ಅವಳಮ್ಮ ಅವಳನ್ನು ಹಿಡಿದು ಹೊಸಿಲು ದಾಟಿಸುತ್ತಿದ್ದರು. ಅರಸೀಕೆರೆ ಆಸ್ಪತ್ರೆಯವಳು, ಈ ಕಡೆ ಬಂದಿದ್ದೆ ಎಂದಷ್ಟೇ ಹೇಳಿದೆ. ಆಕೆ ಏನೂ ಕೇಳದೆ ನನ್ನನ್ನೂ ಕಾರಿಗೆ ಹತ್ತಿಸಿಕೊಂಡರು. ಗೌರಿ ನನ್ನ ಕಿವಿಗೆ ಬಾಯಿಟ್ಟಳು.

"ಮಾತ್ರೆ ಗಂಡನ್ ಮನೆ ರಾಗಿ ಡಬ್ಬದಾಗೇ ಉಳ್ಕೊಂಡೈತೆ ಮೇಡಂ. ತವರಿಂದ ಕರ್ಕೊಂಡೋಗಾಕೆ ಬಂದೋರೇ ನನ್ ಬ್ಯಾಗು ತುಂಬಿದ್ರು. ಅವರ ಮುಂದೆ ಹೆಂಗ್ ತೆಗೀಲಿ? ಅಮ್ಮಂಗೂ ಗೊತ್ತಿಲ್ಲ."

ಹೆರಿಗೆಗೆ ಸೇರಿಸಿದ ಆಸ್ಪತ್ರೆಯಲ್ಲಿ, ಅವಳ ಒಪ್ಪಿಗೆ ಪಡೆದು ಡಾಕ್ಟರಿಗೆ ಮಾತ್ರ ಹೇಳಿದೆ. ಅವಳಿಗೆ ಔಷಧಿ ಶುರುವಾಯಿತು. ಸಂಜೆ ಹುಟ್ಟಿದ ಹೆಣ್ಣುಮಗುವಿಗೂ ಸಿರಪ್ ಹಾಕಿದರು. ಆಮೇಲಿನ ಒಂದೊಂದು ಪರೀಕ್ಷೆಯ ಹೊತ್ತಿಗೂ ನನಗೆ ಊಟ ಸೇರುತ್ತಿರಲಿಲ್ಲ. ಒಂದೂವರೆ ವರ್ಷದ ಕೊನೆಯ ಪರೀಕ್ಷೆಯಲ್ಲೂ ಸೋಂಕಿಲ್ಲವೆಂದು ಬಂದಾಗ ಗೌರಿಗಿಂತ ನಾನೇ ಹೆಚ್ಚು ಅತ್ತೆ.

ಆ ದಿನ ಮನೆಯಲ್ಲಿ ಧೂಪ ಹಾಕಿದ್ದಿರಾ ಎಂದು ಅವಳಮ್ಮನನ್ನು ಒಮ್ಮೆ ಕೇಳಿದೆ.

"ಕೂಸು ಹುಟ್ಟಾಕ್ ಮುಂಚೆ ಯಾರಾದ್ರೂ ಹಾಕ್ತಾರೇನವ್ವ? ಸಾಂಬ್ರಾಣಿನೇ ತಂದಿರ್ಲಿಲ್ಲ."

ಹಾಕಿದ್ದರೂ ಗೆಂಡೆಹಳ್ಳಿಯ ಹೊಗೆ ಬೇಲೂರಿನ ಬಸ್ಸಿಗೆ ಬರುತ್ತದೆಯೇ? ದಣಿವು, ಭಯ, ಭ್ರಮೆ ಎಂದು ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಆದರೆ ಹೆರಿಗೆಯಾದ ಆ ರಾತ್ರಿ ನಾನು ಮನೆಗೆ ಬಂದಾಗ ನಮ್ಮತ್ತೆ ಬಾಗಿಲು ತೆಗೆದವರೇ, ಯಾರ ಮನೆ ಬಾಣಂತನಕ್ಕೆ ಹೋಗಿದ್ದೆ, ಸೆರಗೆಲ್ಲ ಧೂಪದ ವಾಸನೆ ಎಂದಿದ್ದರು.

ಆ ಸೀರೆ ಬೀರುವಿನಲ್ಲಿದೆ. ಎಷ್ಟೋ ಸಲ ಒಗೆದದ್ದು, ಈಗ ಸೋಪಿನ ವಾಸನೆ ಬಿಟ್ಟರೆ ಏನಿಲ್ಲ. ಆದರೂ ತವರಿಗೆ ಹೋದ ಬಸುರಿಯೊಬ್ಬಳ ಫೋನ್ ಸ್ವಿಚ್ ಆಫ್ ಬಂದರೆ, ನಗಬೇಡಿ, ಅದರ ಸೆರಗನ್ನೊಮ್ಮೆ ಮೂಸಿ ನೋಡುತ್ತೇನೆ.