ವಾಸನೆ ಬಾರದ ತಿಪ್ಪೆ

ಮೊನ್ನೆ ಯಶವಂತಪುರದಲ್ಲಿ ಬಸ್ಸು ಮಾರ್ಕೆಟ್ ಪಕ್ಕ ನಿಂತಾಗ ಕೊಳೆತ ಎಲೆಕೋಸಿನ ವಾಸನೆ ಒಳಗೆ ನುಗ್ಗಿತು. ಎಲ್ಲರೂ ಮೂಗು ಮುಚ್ಚಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಕೊಳೆತ ಎಲೆಕೋಸಿಗಿಂತ ಕೆಟ್ಟದ್ದು ಬೇರೆ ಇದೆ ಎಂದು ತೋರಿಸಿಕೊಟ್ಟವರು ಟೀಚರಮ್ಮ...

ಎಂಬತ್ತರ ದಶಕದ ಆರಂಭದಲ್ಲಿ ಅವರು ಜಾಲಹಳ್ಳಿಯ ನಮ್ಮ ತವರುಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದರು. ಧಾರವಾಡದ ಕಡೆಯವರು, ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದರು. ನಮ್ಮ ತೋಟದ ಮೇಲುಗಡೆ, ಕಬ್ಬಿಣದ ಸಾಮಾನಿಗೆ ಹೊಳಪು ಹಾಕುತ್ತಿದ್ದ ಒಂದು ವರ್ಕ್‌ಶಾಪ್ ಬಾಗಿಲು ಹಾಕಿ ಹೋಗಿತ್ತು. ವರ್ಕ್‌ಶಾಪಿನವರು ಬಿಟ್ಟುಹೋದ ಹಸಿರು ಕೆಸರು ಒಣಗಿ ಗುಡ್ಡೆಯಾಗಿ ಬಿದ್ದಿತ್ತು. ನಮ್ಮವರಿಗೆ ಗುಡ್ಡೆ ಬಿದ್ದದ್ದೆಲ್ಲ ತಿಪ್ಪೆ, ತಿಪ್ಪೆಯೆಂದರೆ ಗೊಬ್ಬರ. ಅಪ್ಪ ಅದನ್ನು ಹೊತ್ತು ತಂದು ಕನಕಾಂಬರದ ಬುಡಕ್ಕೆ ಹಾಕಿದ್ದರು.

“ಇದಕ್ಕ ತಿಪ್ಪಿ ಅನಬ್ಯಾಡ್ರಿ. ವಿಷ ಅದ ಇದು,” ಎಂದರು ಟೀಚರಮ್ಮ. ನಮ್ಮ ಬಾವಿಯ ನೀರನ್ನು ಕಾಲೇಜಿಗೆ ಒಯ್ದು ಪರೀಕ್ಷೆ ಮಾಡಿದರು. ಅದರಲ್ಲೂ ಅದೇ ವಿಷ ಇಳಿದಿತ್ತು. ಅಂದಿನಿಂದ ಬೀದಿ ನಲ್ಲಿಯ ನೀರು ಒಂದು ಬಿಂದಿಗೆ ಅಮ್ಮನಿಗೆಂದೇ ತಂದಿಡುತ್ತಿದ್ದರು. ಬಹಳ ದಿನದಿಂದ ಅಮ್ಮನನ್ನು ಕಾಡುತ್ತಿದ್ದ ಹೊಟ್ಟೆನೋವು ಕಡಿಮೆಯೂ ಆಯಿತು.

ಆಗಲೇ, ಯಾವ ಹಳೇ ಕಸದ ಗುಡ್ಡೆಯನ್ನು ಮೊದಲು ತೆಗೆಯಬೇಕೆಂದು ತೀರ್ಮಾನಿಸಲು ಸರ್ಕಾರದಿಂದ ಒಂದು ಕಮಿಟಿ ಆಯಿತು. ಟೀಚರಮ್ಮನೂ ಅದರಲ್ಲಿದ್ದರು. ಎಲ್ಲ ಗುಡ್ಡೆಗಳನ್ನೂ ನೋಡಿ, ಅಕ್ಕಪಕ್ಕದ ಬಾವಿ ನೀರು ಪರೀಕ್ಷಿಸಿ, ನಮ್ಮದನ್ನೇ ಮೊದಲು ತೆಗೆಯಬೇಕು ಎಂದರು. ಕಮಿಟಿಯ ಮುಖ್ಯಸ್ಥರಾಗಿದ್ದ ಎಂಜಿನಿಯರ್ ಸಾಹೇಬರು ಜೀಪಿನಿಂದ ಇಳಿದು ಒಮ್ಮೆ ಮೂಸಿದರು.

“ವಾಸ್ನೇನೇ ಇಲ್ವಲ್ಲ ಮೇಡಂ! ಒಂದ್ ಕಂಪ್ಲೇಂಟೂ ಬಂದಿಲ್ಲ.”

“ನೀವೇನು ಮೂಗಿಲೆ ನೀರು ಕುಡೀತೀರೇನ್ರಿ?”

ಸಾಹೇಬರಿಗೆ ಅವಮಾನವಾಯಿತಂತೆ! ಯಲಹಂಕ ರಸ್ತೆಯ ತರಕಾರಿ ಕಸಕ್ಕೆ ಮೊದಲ ಸ್ಥಾನ ಸಿಕ್ಕಿತು, ದೊಡ್ಡವರು ಅಲ್ಲಿ ಕಾರಿನ ಗಾಜು ಏರಿಸಿಕೊಂಡು ಹೋಗಬೇಕಿತ್ತಲ್ಲ. ನಮ್ಮ ವಿಷಕ್ಕೆ ಕಟ್ಟಕಡೆಯ ಸ್ಥಾನ. ಲಾರಿ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ದರಿದ್ರ ಮೂಗುಗಳು!

ವಿಷಯ ತಿಳಿದ ದಿನ ಟೀಚರಮ್ಮ ಕುಡುಗೋಲು ತಂದು ನಮ್ಮ ಬಾವಿಯ ಹಗ್ಗವನ್ನೇ ಕತ್ತರಿಸಿ ಹಾಕಿದರು. ಅಪ್ಪ ಕೆಂಡವಾದರು.

“ನಮ್ ತಾತನ್ ಬಾವಿ ಎಸ್ರು ಕೆಡಿಸ್ಬೇಡಿ ಕಣಮ್ಮ. ಸರ್ಕಾರದೋರೇ ಏನೂ ಇಲ್ಲ ಅಂದವ್ರೆ. ಬ್ಯಾರೆ ಮನೆ ನೋಡ್ಕಳಿ.”

ಅವರು ಸಾಮಾನು ಕಟ್ಟಿಕೊಂಡು ಹೋದ ಸಂಜೆಯೇ ಅಪ್ಪ ರಾಟೆಗೆ ಹೊಸ ಹಗ್ಗ ಹಾಕಿದರು. ಹಗಲೆಲ್ಲ ಹೊರಗಿರುತ್ತಿದ್ದ ಅಪ್ಪನಿಗೇನು, ಆ ನೀರು ಕುಡಿದವಳು ಅಮ್ಮ. ಆರ್.ಟಿ. ನಗರದ ಗಂಡನ ಮನೆಯಿಂದ ನಾನು ಬಂದಾಗಲೆಲ್ಲ ಅವಳು ಇನ್ನಷ್ಟು ಇಳಿದುಹೋಗಿರುತ್ತಿದ್ದಳು... ಮುಂದಿನ ಯುಗಾದಿಗೆ ಅವಳಿರಲಿಲ್ಲ.

ಟೀಚರಮ್ಮ ತೀರಿಕೊಂಡರೆಂದು ಹೋದ ತಿಂಗಳು ಯಾರೋ ಹೇಳಿದರು. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ಆ ಎಂಜಿನಿಯರ್ ಕೂಡ ಪೆನ್ಷನ್ ಉಂಡು, ಮೊಮ್ಮಕ್ಕಳನ್ನು ಆಡಿಸಿ ಹೋದರಂತೆ. ನನ್ನ ಸಿಟ್ಟು ಮಾತ್ರ ಹಾಗೇ ಇದೆ. ಎದುರು ನಿಂತು ಕೂಗಾಡೋಣವೆಂದರೆ ಒಬ್ಬರೂ ಉಳಿದಿಲ್ಲ.